ಡಿಪ್ರೆಶನ್ ಮಾತ್ರೆ: ಶುರು ಮಾಡುವಾಗ, ನಿಲ್ಲಿಸುವಾಗ

ತಲೆನೋವಿಗೆ ಒಂದು ಮಾತ್ರೆ ನುಂಗಿದರೆ ಅರ್ಧ-ಮುಕ್ಕಾಲು ಗಂಟೆಯಲ್ಲಿ ನೋವು ಇಳಿಯುತ್ತದೆ. ತೊಂದರೆ ಏನಾದರೂ ಇದ್ದರೆ ಅದು ಆಮೇಲಿನ ಮಾತು. ಡಿಪ್ರೆಶನ್ ಮಾತ್ರೆಗಳದ್ದು ಉಲ್ಟಾ ಲೆಕ್ಕ. ಹೊಟ್ಟೆ ತೊಳಸುವುದು, ತಲೆ ಭಾರ, ನಿದ್ದೆ ಕೆಡುವುದು ಇವೆಲ್ಲ ಮೊದಲ ವಾರದಲ್ಲೇ ಹಾಜರ್. ಮನಸ್ಸು ಹಗುರವಾಗಲು ಮಾತ್ರ ಎರಡರಿಂದ ನಾಲ್ಕು ವಾರ ಬೇಕು, ಪೂರ್ತಿ ಗುಣ ಕಾಣಲು ಆರು ವಾರವೂ ಹಿಡಿಯಬಹುದು. ಈ ನಡುವೆಯೇ ಎಷ್ಟೋ ಜನ ‘ಇದು ನನಗೆ ಆಗಿಬರಲ್ಲ’ ಎಂದು ಮಾತ್ರೆ ಬಿಟ್ಟುಬಿಡುತ್ತಾರೆ. ಅಂದರೆ ಕಷ್ಟ ಪೂರ್ತಿ ಅನುಭವಿಸಿ, ಫಲ ಬರುವ ಹೊತ್ತಿಗೆ ಎದ್ದು ಹೋದ ಹಾಗೆ.

ನಿಲ್ಲಿಸುವಾಗಲೂ ಹೆಚ್ಚುಕಡಿಮೆ ಇದೇ ಕಥೆ. ಕೆಲವು ತಿಂಗಳಲ್ಲಿ ಚೆನ್ನಾಗಿ ಅನ್ನಿಸುತ್ತದೆ. ಒಂದು ದಿನ ಸ್ಟ್ರಿಪ್ ಖಾಲಿಯಾಗುತ್ತದೆ, ಹೊಸದು ತರುವುದಿಲ್ಲ. ಮೂರನೇ ದಿನಕ್ಕೆ ತಲೆ ಸುತ್ತು, ಸಿಡುಕು, ವಿಚಿತ್ರ ಕನಸು. ‘ನೋಡಿದ್ಯಾ, ಈ ಮಾತ್ರೆ ಚಟ ಹಿಡಿಸುತ್ತೆ ಅಂತ ಆವಾಗಲೇ ಹೇಳಿರಲಿಲ್ವಾ’ ಎನ್ನುವವರಿಗೆ ಆಗ ಒಂದು ಸಾಕ್ಷಿ ಸಿಕ್ಕಂತಾಗುತ್ತದೆ.

ಈ ಔಷಧಿಗಳ ಬಗ್ಗೆ ಇರುವ ಭಯದಲ್ಲಿ ಬಹುಪಾಲು ಈ ಎರಡು ತುದಿಗಳಿಂದಲೇ ಹುಟ್ಟಿದ್ದು ಎಂದು ನನಗನ್ನಿಸುತ್ತದೆ. ನಡುವಿನ ತಿಂಗಳುಗಳು ಹೆಚ್ಚಿನವರಿಗೆ ಸದ್ದಿಲ್ಲದೆ ಕಳೆಯುತ್ತವೆ. ಹಾಗಾಗಿ ಇಲ್ಲಿ ಹೆಚ್ಚು ಹೊತ್ತು ಆ ತುದಿಗಳಲ್ಲೇ ನಿಲ್ಲೋಣ.

ಯಾರಿಗೆ ಬೇಕು, ಯಾರಿಗೆ ಬೇಡ

ಬೇಜಾರಾಗಿದೆ ಎಂದ ಮಾತ್ರಕ್ಕೆ ಈ ಮಾತ್ರೆ ಬರೆಯುವುದಿಲ್ಲ, ಬರೆಯಬಾರದು. ಕನಿಷ್ಠ ಎರಡು ವಾರ, ದಿನದ ಹೆಚ್ಚಿನ ಹೊತ್ತು ಮನಸ್ಸು ಕುಗ್ಗಿರಬೇಕು. ಇಲ್ಲವೇ ಯಾವುದರಲ್ಲೂ ಆಸಕ್ತಿ ಉಳಿದಿರಬಾರದು. ಜೊತೆಗೆ ನಿದ್ದೆ, ಹಸಿವು, ಶಕ್ತಿ, ಗಮನ ಏರುಪೇರಾಗಿರುತ್ತವೆ. ತಾನು ಯಾವುದಕ್ಕೂ ಬಾರದವನು ಎನ್ನುವ ಭಾವನೆ, ಕೆಲವೊಮ್ಮೆ ಸಾವಿನ ಯೋಚನೆ ಕಾಡುತ್ತವೆ. ಇದನ್ನು ಅಳೆಯಲು ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ. ಅದರಲ್ಲಿ 0ರಿಂದ 27ರವರೆಗೆ ಅಂಕ ಬರುತ್ತದೆ. ಆದರೆ ಬರೀ ಅಂಕ ನೋಡಿ ಚೀಟಿ ಬರೆಯುವುದು ಸರಿಯಲ್ಲ. ಥೈರಾಯ್ಡ್ ಕಡಿಮೆಯಾದರೂ, ರಕ್ತಹೀನತೆ ಇದ್ದರೂ, ಬಿ12 ಕೊರತೆಯಿದ್ದರೂ ಮನುಷ್ಯ ಇದೇ ಥರ ಸೊರಗುತ್ತಾನೆ. ಅದಕ್ಕೇ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುತ್ತಾರೆ.

ಖಿನ್ನತೆ ಸೌಮ್ಯವಾಗಿದ್ದರೆ ಮಾತ್ರೆಯಿಂದಲೇ ಶುರು ಮಾಡಬೇಕಿಲ್ಲ. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಅಂಥವರಿಗೆ ಮೊದಲು ಮಾತಿನ ಚಿಕಿತ್ಸೆ (ಸೈಕೋಥೆರಪಿ), ವ್ಯಾಯಾಮದಂಥ ದಾರಿಗಳನ್ನು ತೋರಿಸಿ, ರೋಗಿಯೇ ಬಯಸಿದರೆ ಮಾತ್ರ ಔಷಧಿ ಕೊಡಿ. ಖಿನ್ನತೆ ಗಟ್ಟಿಯಾಗಿ ಕೂತಿದ್ದರೆ ಮಾತು ಬೇರೆ. ಹಾಸಿಗೆ ಬಿಟ್ಟು ಏಳಲಾಗದವರಿಗೆ ‘ವಾಕಿಂಗ್ ಹೋಗು’ ಎನ್ನುವುದು ಸಲಹೆಯಲ್ಲ, ಹಿಂಸೆ. ಅಂಥವರಿಗೆ ಮಾತ್ರೆ ಮತ್ತು ಮಾತಿನ ಚಿಕಿತ್ಸೆ ಎರಡೂ ಜೊತೆಗಿದ್ದರೆ ಒಂದೊಂದೇ ಇದ್ದಾಗಿನಕ್ಕಿಂತ ಒಳ್ಳೆಯ ಫಲ ಸಿಗುತ್ತದೆ.

ಮಾತ್ರೆ ಬರೆಯುವ ಮೊದಲು ಒಳ್ಳೆಯ ವೈದ್ಯರು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ‘ಹಿಂದೆ ಯಾವಾಗಲಾದರೂ ಹಲವು ದಿನ ನಿದ್ದೆಯೇ ಬೇಡ ಅನ್ನಿಸಿತ್ತಾ? ಮಾತು ಜಾಸ್ತಿಯಾಗಿ, ದೊಡ್ಡ ದೊಡ್ಡ ಯೋಜನೆ ಹಾಕಿ, ದುಡ್ಡು ಕೈಮೀರಿ ಖರ್ಚು ಮಾಡಿದ್ದು ಇದೆಯಾ?’ ಈ ಪ್ರಶ್ನೆ ಸುಮ್ನೆ ಅಲ್ಲ. ಹೌದು ಎಂದರೆ ಅದು ಬೈಪೋಲಾರ್ ಕಾಯಿಲೆ ಇರಬಹುದು. ಅಂಥವರಿಗೆ ಡಿಪ್ರೆಶನ್ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ಇನ್ನೊಂದು ತುದಿಗೆ ಹಾರಿ ಉನ್ಮಾದ ಶುರುವಾಗುವ ಅಪಾಯವಿದೆ. ವೈದ್ಯರು ಕೇಳದಿದ್ದರೆ ನೀವೇ ಹೇಳಿ. ಕುಟುಂಬದಲ್ಲಿ ಯಾರಿಗಾದರೂ ಹಾಗಿದ್ದರೆ ಅದನ್ನೂ ಹೇಳಿ.

ಒಳಗೆ ಏನು ಮಾಡುತ್ತದೆ

ಈ ಔಷಧಿಗಳನ್ನು ಯಾರೂ ಖಿನ್ನತೆಗೆಂದು ಹುಡುಕಿಕೊಂಡು ಹೋಗಿರಲಿಲ್ಲ. 1950ರ ದಶಕದ ಆರಂಭದಲ್ಲಿ ಐಪ್ರೊನಯಜಿಡ್ ಎಂಬ ಕ್ಷಯದ ಔಷಧಿ ತೆಗೆದುಕೊಂಡ ರೋಗಿಗಳು ಇದ್ದಕ್ಕಿದ್ದಂತೆ ಗೆಲುವಾಗಿದ್ದನ್ನು ವೈದ್ಯರು ಗಮನಿಸಿದರು. ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕುನ್ ಅವರು ಇಮಿಪ್ರಮಿನ್ ಎಂಬ ಔಷಧಿಯನ್ನು ಸ್ಕಿಜೋಫ್ರೇನಿಯಾಕ್ಕೆ ಪ್ರಯೋಗಿಸಿ ನೋಡಿದರು. ಅಲ್ಲಿ ಅದು ಕೆಲಸ ಮಾಡಲಿಲ್ಲ, ಖಿನ್ನತೆಯವರಲ್ಲಿ ಮಾಡಿತು. 1957ರಲ್ಲಿ ಅವರು ಆ ಫಲಿತಾಂಶ ಪ್ರಕಟಿಸಿದರು. ಪ್ರೊಜ್ಯಾಕ್ ಎಂದು ಹೆಸರಾದ ಫ್ಲುಯಾಕ್ಸೆಟಿನ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1987ರ ಕೊನೆಯಲ್ಲಿ. ಮಾತ್ರೆ ಮೊದಲು ಬಂತು, ಅದು ಹೇಗೆ ಕೆಲಸ ಮಾಡುತ್ತದೆ ಎಂಬ ವಿವರಣೆ ಹಿಂದಿನಿಂದ ಬಂತು. ಆ ವಿವರಣೆ ಇವತ್ತಿಗೂ ಪೂರ್ತಿಯಾಗಿಲ್ಲ.

ಎಲ್ಲರೂ ಕೇಳಿರುವ ವಿವರಣೆ ಇದು: ನರಕೋಶಗಳ ನಡುವೆ ಸಂದೇಶ ಸಾಗಿಸುವ ಸಿರೊಟೋನಿನ್ ಎಂಬ ರಾಸಾಯನಿಕ ಮೆದುಳಿನಲ್ಲಿ ಕಡಿಮೆಯಾಗಿದೆ, ಮಾತ್ರೆ ಅದನ್ನು ತುಂಬಿಸುತ್ತದೆ. ಕೇಳಲು ಸುಲಭ, ಆದರೆ ಲೆಕ್ಕ ಕೂಡುವುದಿಲ್ಲ. ನರಕೋಶವೊಂದು ಸಿರೊಟೋನಿನ್ ಹೊರಗೆ ಬಿಟ್ಟ ಮೇಲೆ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಮಾತ್ರೆ ಆ ದಾರಿಗೆ ಅಡ್ಡ ನಿಲ್ಲುತ್ತದೆ. ಇಷ್ಟು ಕೆಲಸ ಕೆಲವೇ ಗಂಟೆಗಳಲ್ಲಿ ಆಗಿಹೋಗುತ್ತದೆ. ಹಾಗಿದ್ದರೆ ಮನಸ್ಸು ಸರಿಯಾಗಲು ವಾರಗಟ್ಟಲೆ ಯಾಕೆ ಬೇಕು? ಸಿರೊಟೋನಿನ್ ಏರಿದ್ದಕ್ಕೆ ಮೆದುಳು ನಿಧಾನವಾಗಿ ಹೊಂದಿಕೊಳ್ಳುತ್ತದೆ, ನರಕೋಶಗಳ ನಡುವಿನ ಜೋಡಣೆ ಬದಲಾಗುತ್ತದೆ, ಅದಕ್ಕೆ ಸಮಯ ಬೇಕು ಎನ್ನುವುದು ಈಗಿನ ತಿಳಿವಳಿಕೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡವೊಂದು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಜಾಲಾಡಿ, ಸಿರೊಟೋನಿನ್ ಕೊರತೆಯಿಂದಲೇ ಖಿನ್ನತೆ ಬರುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ ಎಂದಿತು.

ಆ ಸುದ್ದಿ ಓದಿ ‘ಹಾಗಾದರೆ ಮಾತ್ರೆ ಸುಳ್ಳು’ ಎಂದುಕೊಂಡವರು ಬಹಳ. ಆದರೆ ಕಾರಣ ಏನು ಎನ್ನುವುದು ಒಂದು ಪ್ರಶ್ನೆ, ಮಾತ್ರೆಯಿಂದ ಉಪಯೋಗ ಇದೆಯಾ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಬೇರೆಯೇ ಪುರಾವೆ ಇದೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ 522 ಪ್ರಯೋಗಗಳನ್ನು, 1.16 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟು ಸೇರಿಸಿ ನೋಡಿತು. 21 ಔಷಧಿಗಳೂ ಔಷಧಿಯಿಲ್ಲದ ಹುಸಿ ಮಾತ್ರೆಗಿಂತ ಮೇಲೆಂದು ಕಂಡವು. ಸರಾಸರಿ ವ್ಯತ್ಯಾಸ ದೊಡ್ಡದೇನಲ್ಲ, ಅದನ್ನೂ ಹೇಳಬೇಕು. ಸರಾಸರಿ ಎಂದರೆ ಚೆನ್ನಾಗಿ ಗುಣವಾದವರೂ, ಏನೂ ಆಗದವರೂ ಸೇರಿ ಬರುವ ಸಂಖ್ಯೆ. ಅಮೆರಿಕದ ಸ್ಟಾರ್-ಡಿ ಅಧ್ಯಯನದಲ್ಲಿ ಮೊದಲ ಮಾತ್ರೆಗೇ ಪೂರ್ತಿ ಗುಣ ಕಂಡವರು ಸುಮಾರು ಮೂರನೇ ಒಂದು ಭಾಗ. ಉಳಿದವರಿಗೆ ಡೋಸ್ ಬದಲಿಸಬೇಕಾಗುತ್ತದೆ, ಮಾತ್ರೆ ಬದಲಿಸಬೇಕಾಗುತ್ತದೆ ಅಥವಾ ಇನ್ನೊಂದು ಸೇರಿಸಬೇಕಾಗುತ್ತದೆ. ಹಾಗಾಗಿ ಮೊದಲನೆಯದು ಹಿಡಿಸದಿದ್ದರೆ ಅದು ನಿಮ್ಮ ದೋಷವೂ ಅಲ್ಲ, ದಾರಿ ಮುಗಿಯಿತು ಎಂದೂ ಅಲ್ಲ.

ಇವತ್ತು ಮೊದಲು ಕೊಡುವುದು ಹೆಚ್ಚಾಗಿ ಎಸ್‌ಎಸ್‌ಆರ್‌ಐ ಗುಂಪಿನ, ಅಂದರೆ ಸಿರೊಟೋನಿನ್ ವಾಪಸ್ ಹೋಗುವುದನ್ನು ತಡೆಯುವ ಮಾತ್ರೆ: ಸರ್ಟ್ರಾಲಿನ್, ಎಸಿಟಲೋಪ್ರಾಮ್, ಫ್ಲುಯಾಕ್ಸೆಟಿನ್, ಪ್ಯಾರಾಕ್ಸೆಟಿನ್. ವೆನ್ಲಫ್ಯಾಕ್ಸಿನ್, ಡುಲಾಕ್ಸೆಟಿನ್ ಬೇರೆ ಗುಂಪಿನವು, ನೋರ್‌ಎಪಿನೆಫ್ರಿನ್ ಎಂಬ ಇನ್ನೊಂದು ಮೆದುಳಿನ ರಾಸಾಯನಿಕದ ಮೇಲೂ ಕೆಲಸ ಮಾಡುತ್ತವೆ. ಮಿರ್ಟಾಜಪಿನ್ ನಿದ್ದೆ, ಹಸಿವು ಎರಡನ್ನೂ ಹೆಚ್ಚಿಸುತ್ತದೆ. ಹಾಗಾಗಿ ಊಟ-ನಿದ್ದೆ ಬಿಟ್ಟು ಸೊರಗಿದವರಿಗೆ ಚೆನ್ನ, ತೂಕದ ಚಿಂತೆ ಇರುವವರಿಗೆ ಕಷ್ಟ. ಬ್ಯುಪ್ರೊಪಿಯಾನ್ ಫಿಟ್ಸ್ ಇರುವವರಿಗೆ ಆಗುವುದಿಲ್ಲ. ಅಮಿಟ್ರಿಪ್ಟಿಲಿನ್‌ನಂಥ ಹಳೆಯವು ಇನ್ನೂ ಬಳಕೆಯಲ್ಲಿವೆ. ಆದರೆ ಅವನ್ನು ಒಮ್ಮೆಲೇ ಜಾಸ್ತಿ ನುಂಗಿದರೆ ಹೃದಯದ ಬಡಿತವೇ ತಪ್ಪಿ ಜೀವಕ್ಕೆ ಅಪಾಯ. ಅವು ಮನೆಯಲ್ಲಿದ್ದರೆ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಸಾಯುವ ಯೋಚನೆ ಇರುವವರ ಮನೆಯಲ್ಲಿ ಯಾವುದೇ ಮಾತ್ರೆಯನ್ನೂ ಬೇರೆಯವರು ಇಟ್ಟುಕೊಂಡು ದಿನದಿನಕ್ಕೆ ಕೊಡುವುದು ಒಳ್ಳೆಯದು.

ಮೊದಲ ಆರು ವಾರ

ಸರ್ಟ್ರಾಲಿನ್ ಎಂದಿಟ್ಟುಕೊಳ್ಳಿ. ಪೂರ್ತಿ ಡೋಸ್ 50 ಮಿಲಿಗ್ರಾಂನಿಂದ ಶುರು. ಆದರೆ ಅನೇಕ ವೈದ್ಯರು ಮೊದಲ ವಾರ 25 ಮಾತ್ರ ಕೊಡುತ್ತಾರೆ. ಹೊಟ್ಟೆ ಒಗ್ಗಿಕೊಳ್ಳಲಿ ಎಂದು. ಕಾರಣ ಸರಳ: ದೇಹದ ಸಿರೊಟೋನಿನ್‌ನಲ್ಲಿ ಹೆಚ್ಚಿನ ಪಾಲು ಇರುವುದು ಕರುಳಿನಲ್ಲಿ. ಮಾತ್ರೆಯ ಮೊದಲ ಏಟು ಬೀಳುವುದೂ ಅಲ್ಲಿಗೇ. ವಾಕರಿಕೆ, ಸ್ವಲ್ಪ ಭೇದಿ ಬರುತ್ತವೆ. ಊಟದ ಮೇಲೆ ತೆಗೆದುಕೊಂಡರೆ ಅದು ಕಡಿಮೆ, ಒಂದೆರಡು ವಾರದಲ್ಲಿ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ. ಮಾತ್ರೆಯಿಂದ ನಿದ್ದೆ ಹಾರಿದರೆ ಬೆಳಗ್ಗೆ ತೆಗೆದುಕೊಳ್ಳಿ, ತೂಕಡಿಕೆ ಬಂದರೆ ರಾತ್ರಿಗೆ ಹಾಕಿಕೊಳ್ಳಿ. ಒಂದು ಡೋಸ್ ಮರೆತರೆ ನೆನಪಾದಾಗ ತೆಗೆದುಕೊಳ್ಳಿ. ಮುಂದಿನ ಡೋಸ್ ಹೊತ್ತಾಗಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ.

ಮೊದಮೊದಲು ಆತಂಕ ಜಾಸ್ತಿಯಾಗುವುದೂ ಉಂಟು. ಸಣ್ಣ ಮಟ್ಟದ್ದಾದರೆ ಕಾಯಬಹುದು. ಆದರೆ ಕೂತಲ್ಲಿ ಕೂರಲಾಗದಷ್ಟು, ಚರ್ಮದೊಳಗಿನಿಂದ ಯಾರೋ ತಳ್ಳಿದಂಥ ಚಡಪಡಿಕೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ, ಅವತ್ತೇ ಫೋನ್ ಮಾಡಿ.

ಇಲ್ಲಿಯೇ ಆ ದೊಡ್ಡ ಎಚ್ಚರಿಕೆಯ ಮಾತೂ ಬರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ವಿಷಯದಲ್ಲಿ ಈ ಔಷಧಿಗಳ ಲೇಬಲ್ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಕರಿಗೂ ವಿಸ್ತರಿಸಿತು. ಮಕ್ಕಳ ಮೇಲಿನ ಪ್ರಯೋಗಗಳಲ್ಲಿ ಆತ್ಮಹತ್ಯೆಯ ಯೋಚನೆ ಅಥವಾ ನಡವಳಿಕೆ ಹುಸಿ ಮಾತ್ರೆಯವರಲ್ಲಿ ನೂರಕ್ಕೆ ಸುಮಾರು 2, ಔಷಧಿಯವರಲ್ಲಿ ಸುಮಾರು 4 ಇತ್ತು. ಆ ಪ್ರಯೋಗಗಳಲ್ಲಿ ಯಾರೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. 65 ದಾಟಿದವರಲ್ಲಿ ಲೆಕ್ಕ ತಿರುಗಿ, ಔಷಧಿಯಿಂದ ಆ ಅಪಾಯ ಕಡಿಮೆಯಾಗಿತ್ತು. ಮನಸ್ಸು ಸರಿಯಾಗುವ ಮೊದಲೇ ಮೈಯಲ್ಲಿ ಚುರುಕು ವಾಪಸ್ ಬರುವುದು ಇದಕ್ಕೊಂದು ಕಾರಣವಿರಬಹುದು ಎಂದು ಅನೇಕ ವೈದ್ಯರು ಹೇಳುತ್ತಾರೆ.

ಹಾಗಂತ ಎಳೆಯರಿಗೆ ಮಾತ್ರೆಯೇ ಬೇಡ ಎಂದಲ್ಲ. ಚಿಕಿತ್ಸೆ ಸಿಗದ ಖಿನ್ನತೆಯೂ ಜೀವ ತೆಗೆಯುತ್ತದೆ ಅಲ್ವಾ. ಮೊದಲ ವಾರಗಳಲ್ಲಿ, ಡೋಸ್ ಏರಿಸಿದಾಗಲೆಲ್ಲ, ಕಣ್ಣಿಡಬೇಕು. 25ರೊಳಗಿನವರನ್ನು ಒಂದು ವಾರದೊಳಗೆ ಮತ್ತೆ ನೋಡುವುದು ಒಳ್ಳೆಯ ಪದ್ಧತಿ. ಮನೆಯವರು ಗಮನಿಸಬೇಕಾದ್ದು: ನಿದ್ದೆ ಪೂರ್ತಿ ಹೋಯಿತಾ, ಸಿಡುಕು ಏಕಾಏಕಿ ಏರಿತಾ, ಮಾತಿನಲ್ಲಿ ಸಾವು ಬರುತ್ತಿದೆಯಾ. ಅನುಮಾನ ಬಂದರೆ ‘ಸಾಯಬೇಕು ಅನ್ನಿಸ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಬಿತ್ತಿದಂತಾಗುತ್ತದೆ ಎನ್ನುವುದು ತಪ್ಪು ನಂಬಿಕೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದುಕೊಂಡು ಹೋಗಿ.

ಜೊತೆಗೆ ಬರುವ ಸಣ್ಣ ಮಾತ್ರೆ

ಚೀಟಿಯಲ್ಲಿ ಎಷ್ಟೋ ಸಲ ಎರಡನೆಯದೊಂದು ಮಾತ್ರೆ ಇರುತ್ತದೆ: ಕ್ಲೋನಾಜಪಾಮ್, ಆಲ್ಪ್ರಜೋಲಾಮ್ ಅಥವಾ ಲೊರಾಜಪಾಮ್. ಡಿಪ್ರೆಶನ್ ಮಾತ್ರೆ ಕೆಲಸ ಶುರು ಮಾಡುವವರೆಗೆ ಆತಂಕ ತಗ್ಗಿಸಿ ನಿದ್ದೆ ಕೊಡಲು ಇದು. ನುಂಗಿದ ಅರ್ಧ-ಒಂದು ಗಂಟೆಯಲ್ಲೇ ಹಾಯೆನಿಸುತ್ತದೆ. ಹಾಗಾಗಿ ರೋಗಿಗೆ ಇದೇ ‘ನಿಜವಾದ ಔಷಧಿ’ ಅನ್ನಿಸಿಬಿಡುತ್ತದೆ. ನಿಧಾನದ ಮಾತ್ರೆ ಬಿಟ್ಟು ಇದನ್ನೇ ವರ್ಷಗಟ್ಟಲೆ ನುಂಗುವವರು ಕಡಿಮೆಯೇನಿಲ್ಲ. ಚಟವಾಗುವ ಮಾತ್ರೆ ಯಾವುದು ಎಂದರೆ ಇದು. ಬರಬರುತ್ತಾ ಅದೇ ಡೋಸ್ ಸಾಲದಾಗುತ್ತದೆ, ದಿಢೀರ್ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಎರಡರಿಂದ ನಾಲ್ಕು ವಾರ ಇದರ ಸಾಮಾನ್ಯ ಮಿತಿ. ಚೀಟಿ ಕೈಗೆ ಬಂದ ದಿನವೇ ‘ಇದರಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು?’ ಎಂದು ಕೇಳಿ ಬರೆಸಿಕೊಳ್ಳಿ.

ಡಿಪ್ರೆಶನ್ ಮಾತ್ರೆಗೆ ಈ ಗುಣವಿಲ್ಲ. ಬೇಕು ಬೇಕು ಎನ್ನುವ ತುಡಿತ ಹುಟ್ಟುವುದಿಲ್ಲ. ಆದರೆ ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ.

ಯಾವುದರ ಜೊತೆ ಕೂಡದು

ಬೇರೆ ಕಾಯಿಲೆಗೆ ಬೇರೆ ವೈದ್ಯರ ಬಳಿ ಹೋದಾಗ ಈ ಮಾತ್ರೆಯ ಹೆಸರನ್ನು ಮುಚ್ಚಿಡುವವರು ಬಹಳ. ಸಂಕೋಚ ಅರ್ಥವಾಗುತ್ತದೆ, ಆದರೆ ಅಪಾಯ ಇರುವುದು ಅಲ್ಲೇ. ನೋವಿಗೆ ಕೊಡುವ ಟ್ರಮಡಾಲ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಡೆಕ್ಸ್ಟ್ರೋಮೆಥಾರ್ಫನ್, ಲಿನೆಜೋಲಿಡ್ ಎಂಬ ಆ್ಯಂಟಿಬಯಾಟಿಕ್, ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಇವೆಲ್ಲ ಸಿರೊಟೋನಿನ್ ಏರಿಸುವಂಥವೇ. ಒಟ್ಟಿಗೆ ಸೇರಿದರೆ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ಭೇದಿ, ಜ್ವರ, ಎದೆಬಡಿತ, ಗೊಂದಲ ಬರಬಹುದು. ಕಾಲಿನ ಸ್ನಾಯುಗಳು ತಾನಾಗೇ ಅದುರತೊಡಗುತ್ತವೆ. ಅಪರೂಪ, ಆದರೆ ಜೋರಾದರೆ ಜೀವಕ್ಕೇ ಕುತ್ತು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಸೇಂಟ್ ಜಾನ್ಸ್ ವರ್ಟ್ ‘ಗಿಡಮೂಲಿಕೆ ತಾನೇ, ಏನಾಗುತ್ತೆ’ ಎಂದುಕೊಂಡು ತಿನ್ನುವಂಥದ್ದಲ್ಲ. ಎಂಎಒಐ ಎಂಬ ಹಳೆಯ ಗುಂಪಿನ ಔಷಧಿ ಇನ್ನೂ ಕಟ್ಟುನಿಟ್ಟು. ಅದಕ್ಕೂ ಉಳಿದವುಗಳಿಗೂ ನಡುವೆ 14 ದಿನ ಬಿಡುವು ಬೇಕು. ಫ್ಲುಯಾಕ್ಸೆಟಿನ್ ನಿಲ್ಲಿಸಿ ಅದನ್ನು ಶುರು ಮಾಡುವುದಾದರೆ ಐದು ವಾರ.

ಎಸ್‌ಎಸ್‌ಆರ್‌ಐ ಜೊತೆ ಐಬುಪ್ರೊಫೆನ್, ಆಸ್ಪಿರಿನ್ ದಿನಾ ತೆಗೆದುಕೊಂಡರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚು. ಸ್ತನ ಕ್ಯಾನ್ಸರಿಗೆ ಟಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಪ್ಯಾರಾಕ್ಸೆಟಿನ್, ಫ್ಲುಯಾಕ್ಸೆಟಿನ್ ಸಲ್ಲ. ಟಮಾಕ್ಸಿಫೆನ್ ದೇಹದಲ್ಲಿ ಕೆಲಸಕ್ಕೆ ಬರುವ ರೂಪ ಪಡೆಯುವುದನ್ನೇ ಅವು ತಡೆಯುತ್ತವೆ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ, ರಕ್ತದ ಸೋಡಿಯಂ ಇಳಿಯಬಹುದು. ಮಾತ್ರೆ ಶುರುವಾದ ಕೆಲವೇ ವಾರದಲ್ಲಿ ಅಜ್ಜಿಗೆ ಮಂಕು, ಗೊಂದಲ, ಎಡವಿ ಬೀಳುವುದು ಕಂಡರೆ ‘ವಯಸ್ಸಾಯ್ತು’ ಎಂದು ಸುಮ್ಮನಾಗಬೇಡಿ. ಸೋಡಿಯಂ ಪರೀಕ್ಷೆ ಮಾಡಿಸಿ. ಮದ್ಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಅದೇ ಒಂದು ಖಿನ್ನತೆ ತರುವ ವಸ್ತು.

ಬಸಿರಾದರೆ ಗಾಬರಿಯಲ್ಲಿ ಮಾತ್ರೆ ಬಿಡಬೇಡಿ, ವೈದ್ಯರ ಜೊತೆ ಮಾತಾಡಿ. ಪ್ಯಾರಾಕ್ಸೆಟಿನ್ ಆದಷ್ಟು ತಪ್ಪಿಸುತ್ತಾರೆ. ಹಾಲೂಡಿಸುವವರಿಗೆ ಸರ್ಟ್ರಾಲಿನ್ ಮೊದಲ ಆಯ್ಕೆಗಳಲ್ಲೊಂದು.

ಯಾರೂ ಬಾಯಿಬಿಡದ ಒಂದು ಸೈಡ್ ಎಫೆಕ್ಟ್ ಇದೆ. ಎಸ್‌ಎಸ್‌ಆರ್‌ಐಗಳಿಂದ ಗಂಡಸರಿಗೂ ಹೆಂಗಸರಿಗೂ ಲೈಂಗಿಕ ಆಸೆ ತಗ್ಗಬಹುದು, ತೃಪ್ತಿ ತಡವಾಗಬಹುದು ಅಥವಾ ಆಗದೇ ಹೋಗಬಹುದು. ಇದು ಅಪರೂಪವೇನಲ್ಲ. ವೈದ್ಯರು ಕೇಳುವುದಿಲ್ಲ, ರೋಗಿ ಹೇಳುವುದಿಲ್ಲ, ಮಾತ್ರೆ ಮಾತ್ರ ಸದ್ದಿಲ್ಲದೆ ನಿಂತುಹೋಗುತ್ತದೆ. ಹೇಳಿದರೆ ದಾರಿಗಳಿವೆ: ಡೋಸ್ ಇಳಿಸಬಹುದು, ಮಿರ್ಟಾಜಪಿನ್ ಅಥವಾ ಬ್ಯುಪ್ರೊಪಿಯಾನ್‌ಗೆ ಬದಲಿಸಬಹುದು. ಕೆಲವರಿಗೆ ಮಾತ್ರೆ ನಿಲ್ಲಿಸಿದ ಮೇಲೂ ಈ ತೊಂದರೆ ಉಳಿದ ವರದಿಗಳಿವೆ. 2019ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಇದನ್ನು ಔಷಧಿಯ ಮಾಹಿತಿಯಲ್ಲಿ ಸೇರಿಸಲು ಹೇಳಿತು. ಶುರು ಮಾಡುವ ಮೊದಲೇ ಇದನ್ನು ರೋಗಿಗೆ ತಿಳಿಸಬೇಕು ಎನ್ನುವುದು ನನ್ನ ನಿಲುವು.

ನಿಲ್ಲಿಸುವುದು

ಚೆನ್ನಾಗಿ ಅನ್ನಿಸಿದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಬೇಗ ಬಿಟ್ಟವರಲ್ಲಿ ಕಾಯಿಲೆ ಮರುಕಳಿಸುವುದು ಜಾಸ್ತಿ. ಹಿಂದೆ ಹಲವು ಸಲ ಬಂದುಹೋಗಿದ್ದರೆ ಎರಡು ವರ್ಷ ಅಥವಾ ಹೆಚ್ಚು.

ಬಿಡುವಾಗ ಆಗುವ ತೊಂದರೆಯನ್ನು ಕೆಲವರು ದೊಡ್ಡದು ಮಾಡುತ್ತಾರೆ, ಕೆಲವರು ಇಲ್ಲವೇ ಇಲ್ಲ ಎನ್ನುತ್ತಾರೆ. 2024ರಲ್ಲಿ ಬಂದ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಮಾತ್ರೆ ನಿಲ್ಲಿಸಿದವರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಏನಾದರೊಂದು ಲಕ್ಷಣ ಕಾಣಿಸಿತ್ತು. ಹುಸಿ ಮಾತ್ರೆ ನಿಲ್ಲಿಸಿದವರಲ್ಲೂ ನೂರಕ್ಕೆ 17 ಜನರಿಗೆ ಕಾಣಿಸಿತ್ತು! ತೀವ್ರ ತೊಂದರೆ ಆದವರು ನೂರಕ್ಕೆ ಸುಮಾರು 3. ವರ್ಷಗಟ್ಟಲೆ ತೆಗೆದುಕೊಂಡವರಿಗೆ ಕಷ್ಟ ಹೆಚ್ಚಿರಬಹುದು. ಪ್ಯಾರಾಕ್ಸೆಟಿನ್, ವೆನ್ಲಫ್ಯಾಕ್ಸಿನ್ ದೇಹದಿಂದ ಬೇಗ ಖಾಲಿಯಾಗುವುದರಿಂದ ಕಾಟ ಜಾಸ್ತಿ. ಫ್ಲುಯಾಕ್ಸೆಟಿನ್ ವಾರಗಟ್ಟಲೆ ಉಳಿದು ನಿಧಾನವಾಗಿ ಹೋಗುತ್ತದೆ, ಹಾಗಾಗಿ ಕಡಿಮೆ.

ಇದು ಬಿಟ್ಟದ್ದರ ತೊಂದರೆಯೋ, ಕಾಯಿಲೆ ವಾಪಸ್ ಬಂತೋ? ಸಮಯ ನೋಡಿ. ಬಿಟ್ಟ ಕೆಲವೇ ದಿನಗಳಲ್ಲಿ ತಲೆ ಸುತ್ತು, ವಾಕರಿಕೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಚಿಟುಕ್ಕೆಂದು ಕರೆಂಟ್ ಹೊಡೆದಂತೆ ಆಗುವುದು ಇವು ಬಿಟ್ಟದ್ದರ ಲಕ್ಷಣಗಳು. ಮಾತ್ರೆ ಮತ್ತೆ ತೆಗೆದುಕೊಂಡರೆ ಒಂದೆರಡು ದಿನದಲ್ಲೇ ಇಳಿಯುತ್ತವೆ. ಖಿನ್ನತೆ ಮರಳುವುದಾದರೆ ಸಾಮಾನ್ಯವಾಗಿ ವಾರ-ತಿಂಗಳುಗಳ ನಂತರ, ಹಳೆಯ ಪರಿಚಿತ ರೂಪದಲ್ಲೇ, ಮೆಲ್ಲಗೆ ಬರುತ್ತದೆ.

ಡೋಸ್ ಇಳಿಸುವ ಲೆಕ್ಕ ಸ್ವಲ್ಪ ವಿಚಿತ್ರ. ಸಿಟಲೋಪ್ರಾಮ್ ಎಂಬ ಎಸ್‌ಎಸ್‌ಆರ್‌ಐ ಮಾತ್ರೆಯನ್ನು 20 ಮಿಲಿಗ್ರಾಂ ತೆಗೆದುಕೊಂಡರೆ, ಸಿರೊಟೋನಿನ್ ವಾಪಸ್ ಎಳೆಯುವ ದಾರಿಗಳಲ್ಲಿ ಸುಮಾರು 80% ಮುಚ್ಚುತ್ತವೆ. ಅರ್ಧಕ್ಕೆ, ಅಂದರೆ 9-10 ಮಿಲಿಗ್ರಾಂಗೆ ಇಳಿಸಿದರೂ ಸುಮಾರು 70% ಮುಚ್ಚಿಯೇ ಇರುತ್ತವೆ. ಮೆದುಳಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮೂರು ಚಿಲ್ಲರೆ ಮಿಲಿಗ್ರಾಂನಲ್ಲೂ ಇನ್ನೂ 50%. ಅಲ್ಲಿಂದ ಸೊನ್ನೆಗೆ ಹಾರಿದರೆ ಉಳಿದದ್ದೆಲ್ಲ ಒಂದೇ ಏಟಿಗೆ ಹೋಗುತ್ತದೆ. ‘20ರಿಂದ 10 ಸಲೀಸಾಯ್ತು, 5ರಿಂದ ಬಿಡೋಕೆ ಆಗ್ತಿಲ್ಲ’ ಎಂದು ರೋಗಿಗಳು ಹೇಳುವುದು ಇದಕ್ಕೇ. ಲಂಡನ್ನಿನ ಇಬ್ಬರು ಸಂಶೋಧಕರು 2019ರಲ್ಲಿ ಇದನ್ನು ಮುಂದಿಟ್ಟು, ಕೆಳಗೆ ಬಂದಷ್ಟೂ ಇಳಿಸುವ ಪ್ರಮಾಣ ಚಿಕ್ಕದಾಗಬೇಕು ಎಂದರು.

ಹಾಗಾದರೆ ಮಾಡುವುದೇನು? ಎರಡರಿಂದ ನಾಲ್ಕು ವಾರಕ್ಕೊಮ್ಮೆ ಒಂದು ಮೆಟ್ಟಿಲು ಇಳಿಯುವುದು, ತೊಂದರೆಯಾದರೆ ಅಲ್ಲೇ ನಿಲ್ಲುವುದು, ಬೇಕಿದ್ದರೆ ಒಂದು ಮೆಟ್ಟಿಲು ಹಿಂದಕ್ಕೆ ಹೋಗುವುದು. ಬೇಗ ಖಾಲಿಯಾಗುವ ಮಾತ್ರೆಗಳನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುವ ಉಪಾಯ ಬೇಡ. ರಕ್ತದಲ್ಲಿ ಔಷಧಿಯ ಮಟ್ಟ ಒಂದು ದಿನ ಮೇಲೆ, ಒಂದು ದಿನ ಕೆಳಗೆ ಆಗಿ ಕಾಟ ಹೆಚ್ಚುತ್ತದೆ. ಸಾದಾ ಮಾತ್ರೆಯನ್ನು ಗೆರೆ ಇದ್ದಲ್ಲಿ ಮುರಿಯಬಹುದು. ನಿಧಾನವಾಗಿ ಕರಗುವ ಮಾತ್ರೆಗಳನ್ನು ಮುರಿಯಬಾರದು, ಪುಡಿ ಮಾಡಬಾರದು. ಕೆಲವು ಔಷಧಿಗಳು ದ್ರವ ರೂಪದಲ್ಲೂ ಸಿಗುತ್ತವೆ, ಕೊನೆಯ ಸಣ್ಣ ಡೋಸ್‌ಗಳನ್ನು ಅಳೆಯಲು ಅವು ಅನುಕೂಲ. ಕೆಲಸ ಬದಲಿಸುವಾಗ, ಮನೆಯಲ್ಲಿ ಸಾವುನೋವು ಆದಾಗ ಇಳಿಸಲು ಹೊರಡಬೇಡಿ. ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ‘ನಿನಗೂ ಇದೇ ಇರಬೇಕು’ ಎಂದು ಗೆಳೆಯರಿಗೆ ಕೊಡಲೂಬೇಡಿ. ಅವರಿಗೆ ಆ ಬೈಪೋಲಾರ್ ಪ್ರಶ್ನೆಯನ್ನು ಇನ್ನೂ ಯಾರೂ ಕೇಳಿರುವುದಿಲ್ಲ.